ಒಳಕೋಣೆಯಲ್ಲಿ ನಕ್ಕವರು

ಟೀವಿಯಲ್ಲಿ ನನಗೆ ಸೇರುವುದೆಲ್ಲ ನಗಿಸುವಂಥವೇ. ಇದನ್ನು ಹೇಳಿದರೆ ರಾಣೆಬೆನ್ನೂರಿನ ನಮ್ಮ ಓಣಿಯ ಹೆಣ್ಣುಮಕ್ಕಳು ನಂಬುವುದಿಲ್ಲ. ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಪೂಜೆಯಾಗದೆ ಹನಿ ನೀರು ಕುಡಿಯದ ಹೆಂಗಸು ಮಧ್ಯಾಹ್ನ ದೇವರ ಧಾರಾವಾಹಿ ಹಚ್ಚಿಕೊಂಡು ಕೂತಿರಬೇಕು ಎಂದು ಅವರ ಎಣಿಕೆ. ದೇವರನ್ನು ನಾನು ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು ನೋಡಿರುತ್ತೇನೆ. ಮಧ್ಯಾಹ್ನ ಅವನಿಗೆ ಕಿರೀಟ ಹಾಕಿಸಿ ಮತ್ತೆ ನೋಡುವ ಅಗತ್ಯ ನನಗೆ ಕಂಡಿಲ್ಲ. ಅತ್ತೆ ಸೊಸೆಯರು ಒಬ್ಬರ ಹಿಂದೆ ಒಬ್ಬರು ನಿಂತು ಕಣ್ಣು ಕೆಕ್ಕರಿಸುವ ಧಾರಾವಾಹಿಗಳೂ ಬೇಡ. ಆ ಕಣ್ಣುಗಳನ್ನು ಟೀವಿಯ ಹೊರಗೆ ಬೇಕಾದಷ್ಟು ಕಂಡಿದ್ದೇನೆ. ನನ್ನ ಮೆಚ್ಚಿನವು ಬೇರೆ. ಬಾಡಿಗೆಯವನನ್ನು ಬಿಡಿಸಲು ಹೋಗಿ ಪ್ರತಿ ಸಲ ಅವನಿಗೇ ಊಟ ಬಡಿಸಿ ಬರುವ ಮನೆ ಮಾಲೀಕನದೊಂದು. ಡಾಕ್ಟರು ಎಂದೂ ಬಾರದ ದವಾಖಾನೆಯಲ್ಲಿ ಕಾಂಪೌಂಡರನೇ ಎಲ್ಲರ ನಾಡಿ ಹಿಡಿಯುವುದೊಂದು. ಶನಿವಾರದ ಸ್ಟೇಜಿನ ಕಾಮಿಡಿಯೊಳಗೆ ಸೀರೆ ಉಟ್ಟು ಅತ್ತೆಯಾಗುವ ಒಬ್ಬ ಗಂಡಸಿದ್ದಾನೆ, ಅವನು ಸೆರಗು ಸಿಕ್ಕಿಸಿಕೊಳ್ಳುವ ರೀತಿಯನ್ನು ನೋಡಲಿಕ್ಕಾಗಿಯೇ ನಾನು ರೊಟ್ಟಿ ಬೇಗ ಬಡಿದು ಮುಗಿಸುತ್ತೇನೆ. ಆದರೆ ನನಗೊಂದು ರೂಢಿ ಬಿದ್ದಿದೆ. ಟೀವಿಯೊಳಗೆ ಗೊಳ್ಳೆಂದು ನಗು ಎದ್ದರೆ ನಾನು ಕೂಡಲೇ ನಗುವುದಿಲ್ಲ. ನಕ್ಕವರನ್ನು ತೋರಿಸುತ್ತಾರೋ ಇಲ್ಲವೋ ಎಂದು ಕಾಯುತ್ತೇನೆ. ತೋರಿಸದಿದ್ದರೆ ನನಗೆ ಸಂಶಯ. ನಮ್ಮ ಮನೆಯವರು, ಅದು ಮಷಿನ್ನಿನ ನಗು, ಅದರ ಮಾರಿ ಏನು ನೋಡುತ್ತೀ ಎಂದು ಹಾಸ್ಯ ಮಾಡುತ್ತಾರೆ. ಅವರಿಗೆ ಹೇಳಿ ಪ್ರಯೋಜನವಿಲ್ಲ. ಮುಖವಿಲ್ಲದ ಒಂದು ನಗು ಒಂದು ಮನೆಯನ್ನು ಏನು ಮಾಡಬಲ್ಲದು ಎಂಬುದನ್ನು ಅವರು ಕಂಡಿಲ್ಲ, ನಾನು ಕಂಡಿದ್ದೇನೆ.

ಬ್ಯಾಡಗಿಯಲ್ಲಿ ನಮ್ಮ ಮನೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿತ್ತು. ಮುಂದೆ ಪಡಸಾಲೆ, ಅದರ ಹಿಂದೆ ಒಳಕೋಣೆ, ಒಳಕೋಣೆಯ ಬಗಲಿಗೆ ಅಡುಗೆಮನೆ, ಅದರಾಚೆ ಹಿತ್ತಲು, ಹಿತ್ತಲಲ್ಲಿ ಬಾವಿ. ಸುಗ್ಗಿಯ ತಿಂಗಳುಗಳಲ್ಲಿ ಊರಿಗೆಲ್ಲ ಮೆಣಸಿನಕಾಯಿಯ ಘಾಟು ಕವಿದು, ಬೀಗರು ಬಂದರೆ ಚಪ್ಪಲಿ ಬಿಡುವ ಮೊದಲೇ ಸೀನುತ್ತಿದ್ದರು. ನಾವು ಸೀನುತ್ತಿರಲಿಲ್ಲ. ಅಪ್ಪ ಒಂದು ದಲಾಲಿ ಅಂಗಡಿಯಲ್ಲಿ ಮಾಲು ನೋಡುವ ಕೆಲಸಕ್ಕಿದ್ದ. ರೈತರು ಚೀಲ ತಂದು ಇಳಿಸಿದರೆ ಅಪ್ಪ ಚೀಲದ ಬಾಯಲ್ಲಿದ್ದ ಕಾಯಿಗಳನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಗಿಯ ತೋಳು ಮಡಚಿ, ಮೊಣಕೈ ಮುಳುಗುವವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆಯುತ್ತಿದ್ದ. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಬೀಜ ಗಿಲಿಗಿಲಿ ಎಂದರೆ ಒಣಗಿದೆ, ಇಲ್ಲದಿದ್ದರೆ ತೂಕಕ್ಕೆಂದು ನೀರು ಚಿಮುಕಿಸಿದ್ದಾರೆ. ಚೀಲದ ಬಾಯಿಗೆ ಎಲ್ಲರೂ ಚಲೋ ಕಾಯಿಯನ್ನೇ ಇಡುತ್ತಾರೆ ಎಂದು ಅವನು ನಮಗೆ ಅಕ್ಷರ ಕಲಿಸುವ ಮುಂಚೆಯೇ ಕಲಿಸಿದ್ದ. ಸಂಜೆ ಮನೆಗೆ ಬಂದು ಸ್ನಾನ ಮಾಡುವವರೆಗೆ ನಮ್ಮ ಮುಖ ಮುಟ್ಟುತ್ತಿರಲಿಲ್ಲ, ಉರಿಯುತ್ತದೆ ಎಂದು. ಆದರೆ ಸ್ನಾನ ಮಾಡಿದರೂ ಆ ಕೆಲಸ ಅವನ ಕೈಯಿಂದ ಹೋಗುತ್ತಿರಲಿಲ್ಲ. ಯಾರಾದರೂ ನಮ್ಮನ್ನು ಹೊಗಳಿದರೆ, ಇವರಿಗೆ ಏನೋ ಬೇಕಾಗಿದೆ ಎನ್ನುತ್ತಿದ್ದ. ಬೈದರೆ ಮಾತ್ರ ಸಮಾಧಾನದಿಂದ ಕೇಳುತ್ತಿದ್ದ.

ನಮ್ಮ ಮನೆಯ ಟೀವಿಯೂ ಇಂಥ ಪರೀಕ್ಷೆ ಪಾಸಾಗಿಯೇ ಬಂದದ್ದು. ಅಪ್ಪನ ಮಾಲಕರು ಬಣ್ಣದ ಟೀವಿ ತಂದಾಗ ತಮ್ಮ ಹಳೆಯ ಕಪ್ಪು ಬಿಳುಪಿನದನ್ನು ನಮಗೆ ಕೊಟ್ಟರು. ಸುಮ್ಮನೆ ಕೊಟ್ಟದ್ದರಿಂದ ಅಪ್ಪ ಎರಡು ದಿನ ಅದರ ಬೆನ್ನು ಬಡಿಯುತ್ತ, ಕಿವಿ ಇಟ್ಟು ಕೇಳುತ್ತ ಕಳೆದ. ಅದಕ್ಕೆ ಮರದ ಎರಡು ಕದಗಳಿದ್ದವು. ಹಚ್ಚಿದರೆ ಮೊದಲು ದನಿ ಬರುತ್ತಿತ್ತು, ಚಿತ್ರ ಆಮೇಲೆ ಸಾವಕಾಶ ಮೂಡುತ್ತಿತ್ತು. ಪಡಸಾಲೆಯಲ್ಲಿಟ್ಟರೆ ಓಣಿಯೆಲ್ಲ ಒಳಗೆ ಬರುತ್ತದೆ ಎಂದು ಆಯಿ ಅದನ್ನು ಒಳಕೋಣೆಗೆ ಹಾಕಿಸಿದಳು. ಆಯಿ ಎಂದರೆ ಅಪ್ಪನ ತಾಯಿ. ಮನೆಯ ಯಜಮಾನಿಕೆ ಅವಳದು. ಅವಳ ಜೊತೆ ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಂಗಿ ಶಾರದಾ, ನನಗೆ ಅತ್ತಿ, ಇಷ್ಟೇ ಜನ.

ರವಿವಾರ ಹನ್ನೊಂದು ಗಂಟೆಗೆ ಬರುತ್ತಿದ್ದ ಪೋಸ್ಟ್ ಮಾಸ್ತರನ ಕಾರ್ಯಕ್ರಮ ನನ್ನ ಮೊದಲ ಮೆಚ್ಚಿನದು. ಈಗಿನ ಯಾವುದೂ ಅದರ ಮುಂದೆ ನಿಲ್ಲುವುದಿಲ್ಲ. ಸಣ್ಣ ಊರಿನ ಒಬ್ಬ ಮಾಸ್ತರ, ಯಾರ ಪತ್ರವನ್ನೂ ಒಡೆಯುವುದಿಲ್ಲ, ಆದರೆ ಲಕೋಟೆಯನ್ನು ಮೂಸಿ ಒಳಗೇನಿದೆ ಎಂದು ಹೇಳುತ್ತಾನೆ, ಪ್ರತಿ ಸಲವೂ ತಪ್ಪು ಹೇಳುತ್ತಾನೆ. ಆ ತಪ್ಪಿನಿಂದ ಊರಿನಲ್ಲಿ ಜಗಳ ಹತ್ತುತ್ತದೆ. ಜಗಳ ಜೋರಾದಂತೆ ಇವನು ತನ್ನ ಮೇಜಿನ ಮೇಲೆ ಠಪ್ ಠಪ್ ಎಂದು ಸಿಕ್ಕಾ ಹೊಡೆಯುತ್ತ ಕೂಡುತ್ತಾನೆ. ಆ ಠಪ್ ಠಪ್ ಆಯಿತೆಂದರೆ ಟೀವಿಯೊಳಗೆ ನಗು. ಮಾತೆಲ್ಲ ಹಿಂದಿಯಲ್ಲಿ. ಮನೆಯಲ್ಲಿ ಹಿಂದಿ ಬರುತ್ತಿದ್ದದ್ದು ಅತ್ತಿಗೊಬ್ಬಳಿಗೇ, ಅದೂ ಹತ್ತನೆಯ ಇಯತ್ತೆಯದು. ಹೀಗಾಗಿ ಟೀವಿಯವರು ಮೊದಲು ನಗುತ್ತಿದ್ದರು, ಅತ್ತಿ ಕನ್ನಡದಲ್ಲಿ ತಿಳಿಸಿ ಹೇಳಿದ ಮೇಲೆ ನಾವು ನಗುತ್ತಿದ್ದೆವು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮನೆಗೆ ಬಂದಿದ್ದರೆ ಮೊರ ಮುಂದಿಟ್ಟುಕೊಂಡೇ ಕೂಡುತ್ತಿದ್ದೆವು. ನಕ್ಕು ಕಣ್ಣೊರೆಸಿಕೊಂಡರೆ ಕಣ್ಣು ಉರಿದು ಅಳು ಬರುತ್ತಿತ್ತು. ದೊಡ್ಡವಳಾಗಿ ಹಿಂದಿ ಕಲಿತ ಮೇಲೆ ನನಗೆ ತಿಳಿಯಿತು, ಅರ್ಧ ಹಾಸ್ಯವನ್ನು ಅತ್ತಿ ತಾನೇ ಕಟ್ಟಿ ಹೇಳುತ್ತಿದ್ದಳು, ಮತ್ತು ಅವಳು ಕಟ್ಟಿದ್ದೇ ಹೆಚ್ಚು ಚಲೋ ಇತ್ತು. ಆಯಿ ಅದನ್ನು ಆಗಲೇ ಹಿಡಿದಿದ್ದಳು. ಅವಳ ದೊಡ್ಡ ತಕರಾರು ಮಾತ್ರ ಆ ನಗುವಿನ ಮೇಲೆ. ಮಾಸ್ತರ ಕಾಣುತ್ತಾನೆ, ಲಕೋಟೆ ಕಾಣುತ್ತದೆ, ನಗುವವರು ಯಾಕೆ ಕಾಣುವುದಿಲ್ಲ? ಮರೆಯಲ್ಲಿ ಕೂತು ನಗುವವರು ಒಳ್ಳೆಯವರಲ್ಲ ಎಂದು ಹೇಳಿ, ಆ ಹೊತ್ತಿಗೆ ತನ್ನ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಶಾರದಾ ಅತ್ತಿಗೆ ಆಗಲೇ ಎರಡು ಸಂಬಂಧ ಬಂದು ಹೋಗಿದ್ದವು. ಮೊದಲನೆಯದನ್ನು ಅಪ್ಪ ಬಿಟ್ಟ, ಹುಡುಗನ ಕಡೆಯವರು ವಿಪರೀತ ನಯವಾಗಿ ಮಾತಾಡಿದರು ಎಂದು. ಎರಡನೆಯದನ್ನು ಅತ್ತಿಯೇ ಒಲ್ಲೆ ಎಂದಳು, ಯಾಕೆಂದು ಹೇಳಲಿಲ್ಲ. ಓಣಿಯಲ್ಲಿ ಮಾತು ಶುರುವಾಗಿತ್ತು. ಮೂರನೆಯದು ಹಾವೇರಿಯಿಂದ ಬಂತು. ಹುಡುಗನ ಹೆಸರು ಮಹಾದೇವ, ತಂದೆ ಇರಲಿಲ್ಲ, ಸೋದರಮಾವನ ಕಬ್ಬಿಣ ಸಾಮಾನಿನ ಅಂಗಡಿಯಲ್ಲಿ ಕೂಡುತ್ತಿದ್ದ. ಈ ಸಲವೂ ಆಗದಿದ್ದರೆ ಮುಂದೆ ಯಾರೂ ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಆಯಿ ಎರಡು ದಿನ ಮೊದಲಿನಿಂದ ಹೇಳುತ್ತಿದ್ದಳು. ಅವರು ಬರುತ್ತೇವೆಂದದ್ದು ರವಿವಾರ, ಹನ್ನೊಂದು ಗಂಟೆಯ ಸುಮಾರಿಗೆ.

ನನಗಾಗ ಒಂಬತ್ತು ವರ್ಷ. ಅವರು ಬರುವ ಹೊತ್ತೂ ನನ್ನ ಕಾರ್ಯಕ್ರಮದ ಹೊತ್ತೂ ಒಂದೇ. ಅಂದು ಮಾಸ್ತರ ಏನು ಮೂಸುತ್ತಾನೋ ಎಂದು ವಾರವಿಡೀ ಕಾದಿದ್ದೆ. ಎಲ್ಲರೂ ಪಡಸಾಲೆಯಲ್ಲಿ ಜಮಖಾನೆ ಹಾಸುತ್ತಿದ್ದಾಗ ಒಳಕೋಣೆಗೆ ಹೋಗಿ, ಕದ ತೆರೆದು, ಗುಂಡಿ ತಿರುಗಿಸಿದೆ. ಏನೂ ಬರಲಿಲ್ಲ. ದನಿ ಸಣ್ಣದಾಗಿರಬೇಕೆಂದು ದನಿಯ ಗುಂಡಿಯನ್ನು ತುದಿಯವರೆಗೆ ತಿರುವಿದೆ. ಆಗಲೂ ಬರಲಿಲ್ಲ. ಕರೆಂಟು ಹೋಗಿದೆ ಎಂಬುದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಅವ್ವ ಹಿತ್ತಲಿನಿಂದ ತುಳಸಿ ತರಲು ಕೂಗಿದಳು. ಕದ ಮುಚ್ಚಿದೆ. ಗುಂಡಿ ಹಾಗೇ ಬಿಟ್ಟೆ. ಟೀವಿ ಬರಲಿಲ್ಲವೆಂದರೆ ಅದು ಬಂದ್ ಆಗಿದೆ ಎಂದೇ ನನ್ನ ಬುದ್ಧಿ.

ಅವರು ಮೂವರು ಬಂದರು, ಹುಡುಗ, ಅವನ ತಾಯಿ, ಸೋದರಮಾವ. ಕರೆಂಟಿಲ್ಲದ್ದಕ್ಕೆ ಅಪ್ಪ ತಪ್ಪಾಯಿತೆಂದು ಹೇಳಿ ಮೂವರಿಗೂ ಬೀಸಣಿಕೆ ಕೊಟ್ಟ. ಅತ್ತಿ ಶಿರಾ ಮತ್ತು ಉಪ್ಪಿಟ್ಟಿನ ತಾಟು ತಂದಿಟ್ಟು ಆಯಿಯ ಬಗಲಿಗೆ ಕೂತಳು. ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಹುಡುಗ ತಲೆ ಎತ್ತಲಿಲ್ಲ. ಸೋದರಮಾವನೇ ಎಲ್ಲ ಮಾತಾಡಿದ.

"ನಮ್ಮ ಮಾದೇವ ಅಂದ್ರ ಬಂಗಾರರಿ. ಒಂದ ಚಟ ಇಲ್ಲ ಅವಗ. ಎಲಿ ಅಡಿಕಿ ಸುದ್ದಾ ಹಾಕೂದಿಲ್ಲ."

ಪಡಸಾಲೆಯ ಫ್ಯಾನು ತಾನಾಗಿ ಒಂದು ಸುತ್ತು ಸುತ್ತಿತು. ಒಳಕೋಣೆಯಲ್ಲಿ ನೂರಾರು ಜನ ಒಮ್ಮೆಲೇ ಗೊಳ್ಳೆಂದು ನಕ್ಕರು.

ಎಲ್ಲರ ಬೀಸಣಿಕೆಗಳೂ ನಿಂತವು. ಸೋದರಮಾವ ಗಂಟಲು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ, ಹುಡುಗ ಬೆಳಿಗ್ಗೆ ಅಂಗಡಿಯಲ್ಲಿ ಕೂತರೆ ಸಂಜೆಯವರೆಗೆ ಕೂತಲ್ಲಿಂದ ಏಳುವುದಿಲ್ಲ ಎಂದು ಹೇಳಿ ಮುಗಿಸಿದ. ಒಳಗಿನಿಂದ ಠಪ್ ಠಪ್ ಎಂದು ಸಪ್ಪಳವಾಯಿತು, ಮತ್ತು ಮೊದಲಿನದಕ್ಕಿಂತ ದೊಡ್ಡ ನಗು. ಆಗ ಹುಡುಗ ತಲೆ ಎತ್ತಿದ. ಅವನ ಮುಖ ಅರಳಿಬಿಟ್ಟಿತ್ತು. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರೂ ಅವನ ಹೆಗಲು ಕುಣಿಯುತ್ತಿದ್ದವು. ಅತ್ತಿ ಅವನನ್ನು ನೋಡಿದಳು. ಅಪ್ಪನೂ ನೋಡಿದ.

ನಾನು ಒಳಕೋಣೆಗೆ ಓಡಿದೆ. ನನಗಿಂತ ಮುಂಚೆ ಅವ್ವ ಒಲೆಯ ಮುಂದಿನಿಂದ ಎದ್ದು ಓಡಿ, ಕದ ತೆರೆದಿದ್ದಳು. ಮಾಸ್ತರನ ಹಣೆಗೆ ಸ್ಟಾಂಪೊಂದು ಅಂಟಿಕೊಂಡಿದ್ದ ಚಿತ್ರ ಅದೇ ತಾನೇ ಮೂಡುತ್ತಿತ್ತು. ಅವ್ವ ಗುಂಡಿ ತಿರುಗಿಸಿದಳು, ಅದು ಮಾಯವಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಆಯಿ, ಅವಳ ಹೆಗಲ ಮೇಲಿಂದ ಇಣುಕುತ್ತ ಹುಡುಗನ ತಾಯಿ. ಇಬ್ಬರಿಗೂ ಕಂಡದ್ದು ಒಂದೇ: ಕತ್ತಲಾದ ಟೀವಿ, ಅದರ ಗುಂಡಿಯ ಮೇಲೆ ಅವ್ವನ ಕೈ. ಹುಡುಗನ ತಾಯಿ ಅವ್ವನ ಮುಖವನ್ನೇ ನೋಡುತ್ತ ಹೇಳಿದಳು.

"ನಾವು ಬಂದಾಗ ಕರೆಂಟ್ ಇಲ್ಲ ಅಂತ ಬೀಸಣಿಕಿ ಕೊಟ್ರಿ. ನಾವು ಮಾತಾಡೂ ಹೊತ್ತಿಗೆ ಟೀವಿ ನಗತೈತಿ. ಇರ್ಲಿ ಬಿಡ್ರಿ."

ತಾಟಿನೊಳಗಿನ ಶಿರಾ ಮುಟ್ಟದೆ ಎದ್ದು ಹೋದರು. ಸಿಹಿ ಬಿಟ್ಟು ಎದ್ದರೆ ಅದಕ್ಕೆ ಬೇರೆ ಅರ್ಥವೇ ಇಲ್ಲ. ಅಪ್ಪ ಸ್ಟೇಷನ್ನಿನವರೆಗೆ ಕಳಿಸಲು ಹೋದ. ಹೇಳಿ ಕಳಿಸುತ್ತೇವೆ ಎಂದಷ್ಟೇ ಹೇಳಿ ರೈಲು ಹತ್ತಿದರಂತೆ.

ಆಯಿ ಕೂಗಾಡುವವಳಲ್ಲ. ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕೂತು ಅವ್ವನನ್ನು ಕೇಳಿದಳು.

"ಶಾರದಾ ಹೋದ್ರ ಕೆಲಸೆಲ್ಲಾ ನಿನ್ನ ಮ್ಯಾಲೆ ಬೀಳತೈತಿ ಅಂತ ಹಿಂಗ ಮಾಡಿದೇನು ಗಂಗವ್ವಾ?"

ಅವ್ವ ಇಲ್ಲವೆಂದಳು, ಒಮ್ಮೆ ಮಾತ್ರ. ಆಮೇಲೆ ಎಷ್ಟು ಸಲ ಕೇಳಿದರೂ ಸುಮ್ಮನಿದ್ದಳು. ಅತ್ತಿಯೂ ಬಾಯಿ ಬಿಡಲಿಲ್ಲ; ಅವಳು ಅವ್ವನ ಪರ ಮಾತಾಡಬಹುದಿತ್ತು. ನಾನೂ ಮಾತಾಡಬಹುದಿತ್ತು. ಮರುದಿನ ಬೆಳಿಗ್ಗೆ ಆಯಿ ಅವ್ವನ ಕೈಯ ಅಗ್ಗಣಿ ಬಿಟ್ಟಳು. ಪೂಜೆಗೆ ತರುವ ನೀರಿಗೆ ನಮ್ಮಲ್ಲಿ ಅಗ್ಗಣಿ ಎನ್ನುತ್ತಾರೆ. ಅವ್ವ ಮದುವೆಯಾಗಿ ಬಂದ ದಿನದಿಂದ ಸ್ನಾನ ಮಾಡಿ, ಬಾವಿಯಿಂದ ತಾಮ್ರದ ತಂಬಿಗೆಯಲ್ಲಿ ಅದನ್ನು ತಂದಿಡುತ್ತಿದ್ದಳು. ತರುವಾಗ ಯಾರೊಂದಿಗೂ ಮಾತಾಡಬಾರದು, ಅದು ಮನೆಯ ಕಟ್ಟಳೆ. ಅಂದು ಆಯಿ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, ಇನ್ನು ಮುಂದೆ ನೀನು ತಾ, ಮಕ್ಕಳ ಮನಸ್ಸಿನಲ್ಲಿ ಕಪಟ ಇರುವುದಿಲ್ಲ ಎಂದಳು. ದಿನಾ ಬೆಳಿಗ್ಗೆ ನಾನು ಒದ್ದೆ ಕೂದಲಿನಲ್ಲಿ ಬಾವಿಯಿಂದ ದೇವರ ಕೋಣೆಯವರೆಗೆ ಬಾಯಿ ಮುಚ್ಚಿಕೊಂಡು ನಡೆದೆ. ದಾರಿಯಲ್ಲಿ ಅಡುಗೆಮನೆ. ಅವ್ವ ಒಲೆ ಊದುವುದನ್ನು ನಿಲ್ಲಿಸಿ ಗೋಡೆಗೆ ಸರಿದು ನನಗೆ ದಾರಿ ಬಿಡುತ್ತಿದ್ದಳು, ನಾನು ದೊಡ್ಡವಳೆಂಬಂತೆ. ನೀರು ತುಳುಕಿದರೆ ದೇವರಿಗೆ ಗೊತ್ತಾಯಿತು ಎಂದುಕೊಳ್ಳುತ್ತಿದ್ದೆ. ತುಳುಕದಿದ್ದರೆ, ಗೊತ್ತಿದ್ದೂ ಸುಮ್ಮನಿದ್ದಾನೆ, ಯಾವುದಕ್ಕೋ ಕಾಯುತ್ತಿದ್ದಾನೆ ಎಂದು ಇನ್ನೂ ಹೆಚ್ಚು ಹೆದರಿಕೆಯಾಗುತ್ತಿತ್ತು.

ಎಂಟು ದಿನಕ್ಕೆ ಹಾವೇರಿಯಿಂದ ಮಾತು ಬಂತು. ಅವರಿಗೆ ಹುಡುಗಿ ಒಪ್ಪಿಗೆ. ಬೇರೆ ಮನೆಯಲ್ಲಾಗಿದ್ದರೆ ಸಕ್ಕರೆ ಹಂಚುತ್ತಿದ್ದರು. ಅಪ್ಪ ಊಟದ ತಾಟು ಹಿಂದೆ ಸರಿಸಿ ಕೂತುಬಿಟ್ಟ. ಅಷ್ಟು ಅವಮಾನವಾಗಿ ಶಿರಾ ಬಿಟ್ಟು ಎದ್ದವರು ತಾವಾಗಿ ತಿರುಗಿ ಬರುತ್ತಾರೆಂದರೆ ಅವರಿಗೆ ಬೇರೆ ಕಡೆ ಹೆಣ್ಣು ಸಿಗುತ್ತಿಲ್ಲ, ಹೆಣ್ಣು ಸಿಗುತ್ತಿಲ್ಲವೆಂದರೆ ಹುಡುಗನಲ್ಲಿ ಏನೋ ಇದೆ ಎಂದು ಅವನ ತರ್ಕ. ಅದಕ್ಕಿಂತ ದೊಡ್ಡದೊಂದು ಅವನ ಮನಸ್ಸಿನಲ್ಲಿ ಕೂತಿತ್ತು. ಚಟ ಇಲ್ಲ, ಕೂತಲ್ಲಿಂದ ಏಳುವುದಿಲ್ಲ ಎಂದು ಮಾವ ಹೇಳಿ ಮುಗಿಸಿದ ಬೆನ್ನಿಗೇ ಹುಡುಗ ನಕ್ಕ. ತನ್ನವರ ಮಾತು ಸುಳ್ಳೆಂದು ತಿಳಿದವನು ಮಾತ್ರ ಹಾಗೆ ನಗುತ್ತಾನೆ. ಬೇಡವೆಂದು ಹೇಳಿ ಕಳಿಸೋಣ ಎಂದ. ಎಂಟು ದಿನದಿಂದ ತುಟಿ ಬಿಚ್ಚದಿದ್ದ ಅತ್ತಿ ಆಗ ಅಡುಗೆಮನೆಯಿಂದ ಪಡಸಾಲೆಗೆ ಬಂದು ಅಣ್ಣನ ಎದುರಿಗೆ ನಿಂತಳು. ನಮ್ಮ ಮನೆಯಲ್ಲಿ ಅದು ಸಣ್ಣ ಮಾತಲ್ಲ.

"ಅಣ್ಣಾ, ಅಷ್ಟ ಮಂದ್ಯಾಗ ಒಬ್ಬರ ಮ್ಯಾಲೆ ಒಬ್ಬರು ಕಣ್ಣ ಹಾಕಿ ಕುಂತಿದ್ರಿ. ಅಂವಾ ಒಬ್ಬಾಂವ ನಕ್ಕ. ನನಗ ಅಷ್ಟ ಸಾಕು."

"ಅದಕ್ಕ ನನಗ ಸಂಶೆ," ಎಂದ ಅಪ್ಪ.

ಆದರೂ ಅವನು ನ್ಯಾಯದ ಮನುಷ್ಯ. ತಳದ ಹಿಡಿ ತೆಗೆಯದೆ ಚೀಲವನ್ನು ಬೇಡವೆಂದದ್ದೂ ಇಲ್ಲ, ಬೇಕೆಂದದ್ದೂ ಇಲ್ಲ. ಮರುದಿನ ಬಾಗಿಲಿಗೆ ಬಿಜಾಗರಿ ಕೊಳ್ಳುವ ನೆಪದಲ್ಲಿ ಹಾವೇರಿಗೆ ಹೋದ. ಚಹದಂಗಡಿಯಲ್ಲಿ ಕೇಳಿದ, ಕ್ಷೌರದವನಲ್ಲಿ ಕೂತು ಬೇಡದ ಗಡ್ಡ ಮಾಡಿಸಿಕೊಂಡು ಕೇಳಿದ, ಗುಡಿಯ ಮುಂದೆ ಹೂ ಮಾರುವವಳನ್ನು ಕೇಳಿದ. ಹುಡುಗ ಚಲೋ ಎಂದು ಎಲ್ಲರೂ ಹೇಳಿದರು. ಎಲ್ಲರೂ ಒಂದೇ ಮಾತು ಹೇಳಿದ್ದರಿಂದ, ಯಾರೋ ಇವರಿಗೆ ಹೇಳಿಕೊಟ್ಟಿದ್ದಾರೆ ಎಂದು ಅವನ ಸಂಶಯ ಇನ್ನೂ ಬಲಿಯಿತು. ಕೊನೆಗೆ ಕಬ್ಬಿಣದ ಅಂಗಡಿಗೇ ಹೋಗಿ, ಮಾವ ಇಲ್ಲದ ಹೊತ್ತು ನೋಡಿ, ಹುಡುಗನನ್ನೇ ಕೇಳಿದ, ಅವತ್ತು ಯಾಕೆ ನಕ್ಕೆ ಎಂದು.

ಅಪ್ಪ ಇದನ್ನು ಮನೆಗೆ ಬಂದು ನಮಗೆಲ್ಲ ಹೇಳಿದ್ದು ದೀಪ ಹಚ್ಚುವ ಹೊತ್ತಿಗೆ. ಹುಡುಗ ಮೊದಲು ಮಾವ ಬಂದನೇನೋ ಎಂದು ಬಾಗಿಲ ಕಡೆ ನೋಡಿದನಂತೆ. ಆಮೇಲೆ ಹೇಳಿದನಂತೆ, ತನಗೊಂದು ಚಟ ಇದೆ, ಮಾವ ದಿನಾ ಅದಕ್ಕೇ ಬೈಯುತ್ತಾನೆ. ರವಿವಾರ ಹನ್ನೊಂದಾಯಿತೆಂದರೆ ಅಂಗಡಿಯ ಗಿರಾಕಿಯನ್ನು ಬಿಟ್ಟು ಬಗಲಿನ ರೇಡಿಯೋ ರಿಪೇರಿಯವನಲ್ಲಿಗೆ ಹೋಗಿ ಒಂದು ಕಾರ್ಯಕ್ರಮ ನೋಡುತ್ತಾನೆ. ಅಂದು ಅದನ್ನು ಬಿಟ್ಟು ಬರಬೇಕಾಯಿತಲ್ಲ ಎಂದು ಮಾರಿ ಸಣ್ಣ ಮಾಡಿಕೊಂಡು ಕೂತಿದ್ದ. ಒಳಗಿನಿಂದ ಒಂದು ಸಪ್ಪಳ ಕೇಳಿತು, ಅದೇ ಕಾರ್ಯಕ್ರಮ ಎಂದು ಗುರುತು ಹತ್ತಿತು. ಈ ಮನೆಯಲ್ಲೂ ಇದನ್ನು ನೋಡುತ್ತಾರೆ ಎಂದು ಸಂತೋಷವಾಗಿ ನಕ್ಕ. ಮಾವ ಆಗಷ್ಟೇ, ಕೂತಲ್ಲಿಂದ ಏಳುವುದಿಲ್ಲ ಎಂದು ಬೇರೆ ಹೇಳಿದ್ದ, ಹೀಗಾಗಿ ತಡೆಯಲಿಕ್ಕಾಗಲಿಲ್ಲ. ಆಮೇಲೆ ತಾಯಿಯ ಬೆನ್ನು ಹತ್ತಿ ಒಪ್ಪಿಸಿದವನೂ ತಾನೇ. ಯಾವ ಕಾರ್ಯಕ್ರಮ, ಎಂಥ ಸಪ್ಪಳ ಎಂದು ಅಪ್ಪ ಕೇಳಿದ್ದಾನೆ, ಹುಡುಗ ಹೇಳಿದ್ದಾನೆ. ಅದನ್ನು ಮಾತ್ರ ಅಪ್ಪ ನಮಗೆ ಹೇಳಲಿಲ್ಲ. ರವಿವಾರ ಅವನು ಮಲಗಿಬಿಡುತ್ತಿದ್ದ, ಆ ಮಾಸ್ತರನನ್ನು ಒಮ್ಮೆಯೂ ನೋಡಿದವನಲ್ಲ. ಮೇಲಾಗಿ ಕ್ರಿಕೆಟ್ ಇದ್ದರೆ ಕಾರ್ಯಕ್ರಮ ಬರುತ್ತಲೇ ಇರಲಿಲ್ಲ. ಅಂದು ಅದು ನಿಜವಾಗಿ ಬಂದಿತ್ತೇ? ಹುಡುಗ ಸುಳ್ಳು ಹೇಳಿದ್ದರೆ ಇಲ್ಲಿಗೆ ಮುಗಿಯಿತು. ಶಾರದಾಳನ್ನು ಕೇಳಿದರೆ ತನಗೆ ಬೇಕಾದ್ದು ಹೇಳುತ್ತಾಳೆ, ಅವ್ವನ ಮಾತನ್ನು ಆಯಿ ನಂಬುವುದಿಲ್ಲ. ಅಪ್ಪ ನನ್ನ ಕಡೆ ತಿರುಗಿದ.

"ಗಿರಿಜಾ, ಅವತ್ತ ಟೀವ್ಯಾಗ ಆದ ಸಪ್ಪಳ ಯಾವುದ್ರದು? ತಿಳಿದಷ್ಟ ಹೇಳು."

ಠಪ್ ಠಪ್ ಎಂದೆ. ಪೋಸ್ಟ್ ಮಾಸ್ತರ ಸಿಕ್ಕಾ ಹೊಡೆಯುವುದು ಎಂದೆ. ಅಪ್ಪ ಹುಬ್ಬು ಎತ್ತಲಿಲ್ಲ. ಅದು ವಾರವಾರ ಬರುವ ಸಪ್ಪಳವಿರಬಹುದು, ಅವತ್ತೇ ಅದು ಬಂದಿತ್ತೆಂದು ನಿನಗೆ ಹೇಗೆ ಗೊತ್ತು ಎಂದ. ಅವತ್ತು ಅವನ ಹಣೆಗೆ ಸ್ಟಾಂಪ್ ಅಂಟಿತ್ತು, ನಾನು ನೋಡಿದೆ ಎಂದೆ. ಅವ್ವ ಗುಂಡಿ ತಿರುಗಿಸುವ ಹೊತ್ತಿಗೆ ನೀನು ಒಳಕೋಣೆಗೆ ಯಾಕೆ ಹೋದೆ ಎಂದು ಕೇಳಿದ. ಅವನ ದನಿ ಏರಿರಲಿಲ್ಲ. ಕೈ ನಿಧಾನವಾಗಿ ಚೀಲದ ತಳಕ್ಕೆ ಇಳಿಯುತ್ತಿತ್ತು, ನನಗೆ ಅದು ಗೊತ್ತಾಯಿತು. ಎದುರಿಗೆ ಅತ್ತಿ ತನ್ನ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತ ನಿಂತಿದ್ದಳು. ಅವ್ವ ಬಾಗಿಲ ಮರೆಯಲ್ಲಿದ್ದಳು.

"ಬಂದ್ ಮಾಡಾಕ ಹೋಗಿದ್ದೆ," ಎಂದೆ. "ಹಚ್ಚಿದಾಕಿ ನಾನ. ಕರೆಂಟ್ ಇದ್ದಿದ್ದಿಲ್ಲ. ದನಿ ಬರಲಿಲ್ಲ ಅಂತ ಪೂರಾ ಏರಿಸಿದ್ದೆ."

ಆಯಿ ಕೂಡಲೇ, ತಾಯಿಯನ್ನು ಉಳಿಸಲು ಹುಡುಗಿ ಕಟ್ಟಿ ಹೇಳುತ್ತಿದೆ ಎಂದಳು. ಒಂಬತ್ತು ದಿನ ಎದೆಯಲ್ಲಿ ಬಚ್ಚಿಟ್ಟದ್ದನ್ನು ಹೊರಗೆ ಹಾಕಿದರೆ ಯಾರೂ ನಂಬದಂತಾದದ್ದು ಎಂಥ ಗತಿ ನೋಡಿ. ಅಳುತ್ತ ಗುಂಡಿ ಯಾವ ಕಡೆ ತಿರುಗಿಸಿದೆ, ದನಿಯದನ್ನು ಎಷ್ಟು ಸಲ ತಿರುವಿದೆ, ತುಳಸಿ ತರಲು ಯಾವಾಗ ಕರೆದರು, ಎಲ್ಲ ಹೇಳಿದೆ. ಅಪ್ಪ ಕೇಳಿ ಮುಗಿಸಿ ಎದ್ದು ಒಳಕೋಣೆಗೆ ಹೋದ. ಆ ರವಿವಾರದ ನಂತರ ಯಾರೂ ಟೀವಿಯನ್ನು ಮುಟ್ಟಿರಲಿಲ್ಲ. ದನಿಯ ಗುಂಡಿಯನ್ನು ಬೆರಳಿನಿಂದ ಮುಂದಕ್ಕೆ ಒತ್ತಿ ನೋಡಿದ. ಅದು ತುದಿಯಲ್ಲೇ ನಿಂತಿತ್ತು, ಮುಂದೆ ಹೋಗಲಿಲ್ಲ. ಹೊರಗೆ ಬಂದು ಆಯಿಗೆ ಹೇಳಿದ.

"ಯವ್ವಾ, ಕೂಸು ಖರೇನ ಹೇಳತೈತಿ. ತಿಳಿದಾಕಿ ಹಚ್ಚಿದ್ರ ಇಷ್ಟ ದನಿ ಇಡತಿದ್ದಿಲ್ಲ. ಹಾವೇರಿಗೆ ಹೂಂ ಅಂತ ಹೇಳಿ ಕಳಸತೇನಿ."

ನನಗೆ ಏಟು ಬೀಳಲಿಲ್ಲ. ನನ್ನ ಬದುಕಿನಲ್ಲಿ ದೇವರು ಮಾಡಿದ ಸಣ್ಣ ಉಪಕಾರಗಳನ್ನು ಎಣಿಸುವಾಗ ನಾನು ಇದನ್ನು ಬಿಡುವುದಿಲ್ಲ. ಇನ್ನೊಂದು ಮರುದಿನ ಬೆಳಿಗ್ಗೆಯದು. ಸ್ನಾನ ಮಾಡಿ ತಂಬಿಗೆ ಹಿಡಿದು ಹಿತ್ತಲಿಗೆ ಹೊರಟಿದ್ದೆ. ಆಯಿ ನನ್ನ ಕೈಯಿಂದ ತಂಬಿಗೆಯನ್ನು ತೆಗೆದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟಳು, ಒಳಗೆ ನೋಡಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ, ಹೋಗಿ ಪೂಜೆಗೆ ಕೂತಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಅಂದೂ ಬರಲಿಲ್ಲ, ಸಾಯುವವರೆಗೂ ಬರಲಿಲ್ಲ. ಅವ್ವ ಕೈ ತೊಳೆದುಕೊಂಡು ಬಂದು ತಂಬಿಗೆ ಎತ್ತಿಕೊಂಡಳು. ಬಾವಿಯಿಂದ ಬರುವಾಗ ಅವಳ ಮುಖ ನೋಡಿದೆ, ಏನಾದರೂ ತಿಳಿಯುತ್ತದೇನೋ ಎಂದು. ಕಟ್ಟಳೆಯಂತೆ ಬಾಯಿ ಮುಚ್ಚಿಕೊಂಡೇ ನಡೆದಳು.

ಮದುವೆಗೆ ತಿಂಗಳಿರುವಾಗ ಅವ್ವ ಮತ್ತು ಅತ್ತಿ ಶ್ಯಾವಿಗೆ ಹೊಸೆಯಲು ಕೂತರು. ಒಳಕೋಣೆಯಲ್ಲಿ ಚಾಪೆ ಹಾಸಿ, ಇಬ್ಬರ ನಡುವೆ ಶ್ಯಾವಿಗೆಮಣೆ. ಅವ್ವ ಹೊಸೆಯುತ್ತಿದ್ದಳು, ಅತ್ತಿ ಎಳೆದು ಕೋಲಿಗೆ ಹಾಕುತ್ತಿದ್ದಳು, ಒಣಗಿದವನ್ನು ಮುರಿಯದಂತೆ ಬುಟ್ಟಿಗೆ ತುಂಬುವುದು ನನ್ನ ಕೆಲಸ. ಪಡಸಾಲೆಯಲ್ಲಿ ಆಯಿ ಜಪಕ್ಕೆ ಕೂತಿದ್ದಳು. ಎಳೆ ಹರಿಯಬಾರದೆಂದು ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ನನಗೆ ಮಾತ್ರ ಎದೆಯೊಳಗೆ ಒಂದು ಕೊರೆತ ಉಳಿದಿತ್ತು. ಆಯಿ ಅಷ್ಟು ಕೇಳಿದರೂ ನೀನು ಯಾಕೆ ಒಮ್ಮೆ ಇಲ್ಲವೆಂದು ಸುಮ್ಮನಾದೆ ಎಂದು ಅವ್ವನನ್ನು ಕೇಳಿದೆ. ಅವ್ವ ಕೈ ನಿಲ್ಲಿಸದೆ, ಅತ್ತಿಯ ಕಡೆ ನೋಡದೆ ಹೇಳಿದಳು.

"ನಿಮ್ಮತ್ತಿ ಹಚ್ಯಾಳ ಅಂತ ತಿಳಕೊಂಡಿದ್ದೆ. ಈ ಗಂಡೂ ಬ್ಯಾಡ ಅನ್ನಾಕ ಹಿಂಗ ಮಾಡ್ಯಾಳ, ನನ್ನ ಬಾಯಿಂದ ಯಾಕ ಹೊರಬೀಳಬೇಕು ಅಂತ ಸುಮ್ಮನಾದೆ."

ಅತ್ತಿಯ ಕೈಯಲ್ಲಿದ್ದ ಎಳೆ ಹರಿಯಿತು. ಅವಳು ಅದನ್ನು ಕೋಲಿಗೆ ಹಾಕುವುದನ್ನು ಮರೆತು ಕೂತಳು.

"ನಾನು ನೀವು ಹಚ್ಚೀರಿ ಅಂತ ತಿಳದಿದ್ದೆ, ವೈನಿ," ಎಂದಳು. "ಆ ಮಾವನ ಬಡಾಯಿ ಕೇಳಿ, ನನ್ನ ಅಲ್ಲಿಗೆ ಕೊಡಬಾರದು ಅಂತ ಮಾಡೀರಿ ಅಂತ. ನಾ ಬಾಯಿ ಬಿಟ್ರ ನಿಮ್ಮ ಹೆಸರ ಬರತೈತಿ ಅಂತ ನಾನೂ ಸುಮ್ಮನಿದ್ದೆ."

ಅವ್ವ ಈಗ ಕೈ ನಿಲ್ಲಿಸಿದಳು. ಹಿಟ್ಟು ಮೆತ್ತಿದ ಬೆರಳುಗಳನ್ನು ನೋಡಿಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಅವಳು ಯೋಚನೆ ಮಾಡದೆ ಮಾತಾಡಿದ್ದನ್ನು ನಾನು ಕೇಳಿಲ್ಲ.

"ನನಗ ಹೊಳೀಲಿಲ್ಲವ್ವಾ ಶಾರದಾ," ಎಂದಳು. "ಹೊಳದಿದ್ರ ಮಾಡತಿದ್ದೆ."

ಅತ್ತಿ ಮೊದಲು ನಕ್ಕಳು. ಅವ್ವ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು, ಮೂಗಿಗೆಲ್ಲ ಹಿಟ್ಟಾಯಿತು, ಅದನ್ನು ನೋಡಿ ಅತ್ತಿ ಮಣೆಯ ಮೇಲೆ ಬಗ್ಗಿಬಿಟ್ಟಳು. ಸಪ್ಪಳ ಮಾಡಬಾರದೆಂದು ಇಬ್ಬರೂ ಒದ್ದಾಡಿದಷ್ಟೂ ನಗು ದೊಡ್ಡದಾಯಿತು. ಪಡಸಾಲೆಯಲ್ಲಿ ಜಪ ನಿಂತಿತು. ನಾನು ಬುಟ್ಟಿ ಕೆಳಗಿಟ್ಟು, ಎದ್ದು ಹೋಗಿ, ಒಳಕೋಣೆಯ ಬಾಗಿಲನ್ನು ಮುಂದಕ್ಕೆ ಮಾಡಿ ಬಂದೆ.